ಕಬ್ಬಿನ ಟ್ರೇಲರುಗಳ ಕೊಂಡಿಯ ಪರೀಕ್ಷೆ

ಹುಕ್ಕೇರಿ ತಾಲೂಕಿನ ಕಬ್ಬನ್ನು ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರಖಾನೆ ಮೊದಲಾದ ಕಡೆಗಳಿಗೆ ಟ್ರ್ಯಾಕ್ಟರಿಗೆ ಎರಡು ಟ್ರೇಲರುಗಳನ್ನು ಜೋಡಿಸಿ ಸಾಗಿಸುವ ರೂಢಿಯುಂಟು. ಏರಿನಲ್ಲಿ ಟ್ರೇಲರು ಹಿಂದಕ್ಕೆ ಜಗ್ಗುವುದು. ಇಳಿಜಾರಿನಲ್ಲಿ ಮುಂದಕ್ಕೆ ನೂಕುವುದು. ಇದರಿಂದ ಕೊಂಡಿಯ ಪಿನ್ನು ಸವೆದು, ಅದರ ರಂಧ್ರವು ಅಗಲವಾಗುವುದು. ಗಾಲಿಯು ತಗ್ಗಿನಲ್ಲಿ ಕುಪ್ಪಳಿಸಿದಾಗ ಕೀಲಿಲ್ಲದ ಪಿನ್ನು ಮೇಲಕ್ಕೆದ್ದು ಕಳಚಬಹುದು. ಹಿಂದಿನ ಕೊಂಡಿಯಂತೂ ಚಾಲಕನ ಕಣ್ಣಿಗೆ ಬೀಳದು. ಕಳಚಿದ ಟ್ರೇಲರು ಹಿಂದೆ ಬರುವವರ ಪ್ರಾಣಕ್ಕೆ ಮುಳುವಾಗುವುದು.

ಆದುದರಿಂದ ಹೊಲದಿಂದ ಹೊರಡುವ ಮುನ್ನ ಎರಡೂ ಕೊಂಡಿಗಳ ಪಿನ್ನು, ಕೀಲು, ರಕ್ಷಣೆಯ ಸರಪಳಿ ಇವುಗಳನ್ನು ಚಾಲಕನು ಇಳಿದು ಕೈಮುಟ್ಟಿ ನೋಡತಕ್ಕದ್ದು. ಸವೆದ ಪಿನ್ನಿಗೆ ಬದಲಾಗಿ ಕೈಗೆ ಸಿಕ್ಕ ಸರಳನ್ನು ತೂರಿಸಕೂಡದು. ಗೌಡರೂ ಜಮೀನುದಾರರೂ ಈ ಪರೀಕ್ಷೆಯಾಗದೆ ತಮ್ಮ ಕಬ್ಬಿನ ಗಾಡಿಯನ್ನು ಹೊರಡಗೊಡಬಾರದು.