ಎದುರಾಳಿಯ ಓಲಗದಲ್ಲಿ

ಭಟ್ಕಳ, ಹೊನ್ನಾವರ, ಕುಮಟಾಗಳ ಕಡಲಂಚಿನಲ್ಲಿ ವಾದವನ್ನು ಆಲಿಸುವುದು ಹೊಸ ವಿದ್ಯೆಯೇನೂ ಅಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಂಡಳಿಯನ್ನು ಕಟ್ಟಿದ ನೆಲವಿದು. ಇಲ್ಲಿ ಬಯಲಾಟದಷ್ಟೇ ಪ್ರೀತಿಯಿಂದ ತಾಳಮದ್ದಳೆಯನ್ನೂ ಕೇಳುವವರಿದ್ದಾರೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯವನ್ನು ಹಾಡುತ್ತಾರೆ; ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಅದರ ಅರ್ಥವನ್ನು ಆಶುವಾಗಿ ಬೆಳೆಸುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲವಾದುದರಿಂದ ಎದುರಿನವನು ಯಾವ ಪ್ರಶ್ನೆಯನ್ನು ಎಸೆದಾನೆಂಬುದು ಮೊದಲೇ ತಿಳಿಯದು.

ಚುನಾವಣೆಯ ಅಭ್ಯರ್ಥಿಗಳು ತಮ್ಮ ಮತವನ್ನು ಒಪ್ಪದ ಸಂದರ್ಶಕನ ಮುಂದೆ ಕೂರಬೇಕೆ, ಬೇಡವೆ ಎಂಬ ಇಂದಿನ ಚರ್ಚೆಗೆ ಈ ಕಲೆಯಿಂದ ಒಂದಿಷ್ಟು ಬೆಳಕು ದೊರೆಯಬಹುದು.

ಈ ವಿಷಯದಲ್ಲಿ ಹಿಂಜರಿಕೆ ಒಂದೇ ಪಕ್ಷದ ಸೊತ್ತಲ್ಲ. 2007ರಲ್ಲಿ, ಗುಜರಾತಿನ ಚುನಾವಣೆ ಸಮೀಪಿಸಿದ್ದಾಗ, ಅಲ್ಲಿನ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿಯವರು ಕರಣ್ ಥಾಪರ್ ಅವರ ದೂರದರ್ಶನ ಸಂದರ್ಶನವನ್ನು ಕೆಲವೇ ನಿಮಿಷಗಳಲ್ಲಿ ನಿಲ್ಲಿಸಿ ಎದ್ದರು. 2023ರ ಸೆಪ್ಟೆಂಬರಿನಲ್ಲಿ ವಿರೋಧಪಕ್ಷಗಳ ‘ಇಂಡಿಯಾ’ ಒಕ್ಕೂಟವು 14 ಮಂದಿ ನಿರೂಪಕರ ಹೆಸರನ್ನು ಪಟ್ಟಿಮಾಡಿ, ಅವರ ಕಾರ್ಯಕ್ರಮಗಳಿಗೆ ತನ್ನ ಪ್ರತಿನಿಧಿಗಳನ್ನು ಕಳುಹಿಸುವುದಿಲ್ಲವೆಂದು ಸಾರಿತು. ಅಲ್ಲಿ ನಡೆಯುವುದು ಚರ್ಚೆಯಲ್ಲ, ದ್ವೇಷದ ಪ್ರಚಾರ ಎಂಬುದು ಒಕ್ಕೂಟದ ವಾದ. ಎರಡೂ ಕಡೆಯವರಿಗೆ ತಮ್ಮ ತಮ್ಮ ಕಾರಣಗಳಿದ್ದವು. ಎರಡೂ ಕಡೆ ಕೇಳುಗನಿಗೆ ದೊರೆಯಬೇಕಾಗಿದ್ದ ಉತ್ತರ ದೊರೆಯದೆ ಹೋಯಿತು.

‘ಹಟಮಾರಿಗೆ ಹೇಳಿ ಫಲವೇನು?’ ಎಂದು ಕೇಳುವವರಿದ್ದಾರೆ. ಅವರು ಕೃಷ್ಣಸಂಧಾನದ ಪ್ರಸಂಗವನ್ನು ನೆನೆಯಬೇಕು. ಕೌರವನ ಮನಸ್ಸು ತಿರುಗದೆಂಬುದು ಕೃಷ್ಣನಿಗೂ ಗೊತ್ತು, ನೆರೆದ ಸಭಿಕರಿಗೂ ಗೊತ್ತು. ಆದರೂ ಕೃಷ್ಣನು ಹಸ್ತಿನಾವತಿಗೆ ಹೋಗುತ್ತಾನೆ. ಓಲಗದಲ್ಲಿ ಕೌರವನೊಬ್ಬನೇ ಇಲ್ಲ; ಭೀಷ್ಮ, ದ್ರೋಣ, ಧೃತರಾಷ್ಟ್ರರಿದ್ದಾರೆ, ಕೇಳುವ ಲೋಕವಿದೆ. ಮಾತು ಅವರಿಗಾಗಿ. ಇನ್ನೊಂದು ಸೂಕ್ಷ್ಮವೂ ಇದೆ. ಕೃಷ್ಣನು ಕೌರವನ ಸಭೆಯಲ್ಲಿ ನಿಂತು ಮಾತನಾಡಿದನು. ಅವನ ಔತಣವನ್ನು ಮಾತ್ರ ಒಲ್ಲದೆ ವಿದುರನ ಮನೆಯಲ್ಲಿ ಉಂಡನು. ಎದುರಾಳಿಯ ಸಭೆಗೆ ಹೋಗುವುದು ಬೇರೆ, ಅವನ ಹಂಗಿಗೆ ಬೀಳುವುದು ಬೇರೆ.

ಲೋಕದ ಇತಿಹಾಸದಲ್ಲೂ ಇಂಥ ನಿದರ್ಶನಗಳುಂಟು. 1960ರ ಸೆಪ್ಟೆಂಬರ್ 12ರಂದು ಅಮೆರಿಕದ ಅಧ್ಯಕ್ಷಪದವಿಯ ಅಭ್ಯರ್ಥಿ ಜಾನ್ ಕೆನಡಿ, ತಮ್ಮ ಕ್ಯಾಥೊಲಿಕ್ ಮತದ ಬಗೆಗೆ ಶಂಕೆ ತಳೆದಿದ್ದ ಪ್ರಾಟೆಸ್ಟಂಟ್ ಪಾದ್ರಿಗಳ ಮುಂದೆ ಹ್ಯೂಸ್ಟನ್ ನಗರದಲ್ಲಿ ನಿಂತು ಮಾತನಾಡಿ, ಅವರ ಪ್ರಶ್ನೆಗಳಿಗೂ ಉತ್ತರಿಸಿದರು. ಅಲ್ಲಿದ್ದವರೆಲ್ಲ ಒಲಿದರೆಂದಲ್ಲ, ಆದರೆ ಶಂಕೆಗೆ ಎದುರಿನಿಂದಲೇ ಉತ್ತರ ಬಂದಿತು.

ನಮ್ಮ ಉತ್ತರ ಕನ್ನಡದಿಂದ ಲೋಕಸಭೆಗೆ ಹೋದವರಲ್ಲಿ ಜೋಕಿಂ ಆಳ್ವರೂ ದಿನಕರ ದೇಸಾಯಿಯವರೂ ಸ್ವತಃ ಪತ್ರಿಕೆ ನಡೆಸಿದವರು. ಅಂದು ಅದು ಕೆಲವರಿಗಷ್ಟೇ ಸಾಧ್ಯವಾಗಿದ್ದ ಶ್ರಮದ ಕಾರ್ಯ. ಇಂದು ಅಂಗೈಯ ಮೊಬೈಲೇ ಪ್ರತಿಯೊಬ್ಬ ಅಭ್ಯರ್ಥಿಯ ಪತ್ರಿಕೆಯಾಗಿದೆ. ತನ್ನವರಿಗೆ ತನ್ನ ಮಾತನ್ನು ಮುಟ್ಟಿಸುವುದು ಎಂದಿಗಿಂತ ಸುಲಭ; ಆದುದರಿಂದಲೇ ತನ್ನವರಲ್ಲದವರ ಎದುರು ನಿಲ್ಲುವ ಅಭ್ಯಾಸ ತಪ್ಪುತ್ತಿದೆ. ಆದರೆ 2023ರ ವಿಧಾನಸಭಾ ಚುನಾವಣೆಯಲ್ಲಿ ಕುಮಟಾ ಕ್ಷೇತ್ರದ ಗೆಲುವಿನ ಅಂತರ ಕೇವಲ 676 ಮತಗಳು. ಇಷ್ಟು ಸಣ್ಣ ಅಂತರದಲ್ಲಿ ಜಯಾಪಜಯಗಳು ತೀರ್ಮಾನವಾಗುವ ಊರಿನಲ್ಲಿ, ಇನ್ನೂ ಮನಸ್ಸು ಕಟ್ಟಿಕೊಳ್ಳದ ಕೇಳುಗನನ್ನು ಕಡೆಗಣಿಸುವುದು ಜಾಣತನವೂ ಅಲ್ಲ, ಧರ್ಮವೂ ಅಲ್ಲ.

ಹೊಣೆ ಅಭ್ಯರ್ಥಿಯೊಬ್ಬನದೇ ಅಲ್ಲ. ಸಂದರ್ಶಕನು ಎದುರುಪಕ್ಷದವನಾದರೆ ದೋಷವಿಲ್ಲ. ಉತ್ತರಕ್ಕೆ ಎಡೆಗೊಡದಿದ್ದರೆ ದೋಷ. ಎದುರಿನವನ ಅರ್ಥ ಮುಗಿಯುವ ಮುನ್ನವೇ ಕೂಗಿ ಅದನ್ನು ಮುಳುಗಿಸುವವನನ್ನು ತಾಳಮದ್ದಳೆಯ ಸಭಿಕರು ಮೆಚ್ಚುವುದಿಲ್ಲ. ಪ್ರಶ್ನೆ ಎಷ್ಟೇ ತೀಕ್ಷ್ಣವಾಗಿರಲಿ, ಅದು ಪ್ರಸಂಗದ ಮೇರೆಯಲ್ಲಿರಬೇಕು. ದೂತನನ್ನು ಕಟ್ಟಿಹಾಕಲು ಹೊರಟ ಕೌರವನು ವಾದದಲ್ಲಿ ಗೆದ್ದನೆಂದು ಯಾರೂ ಹೇಳಲಿಲ್ಲ.

ಇದು ಬರಿಯ ಸಭಾಮರ್ಯಾದೆಯ ಮಾತೆಂದು ತಿಳಿಯಬಾರದು. 1993ರಲ್ಲಿ ಭಟ್ಕಳವು ಕಂಡ ಕೋಮುಗಲಭೆಗಳ ನೆನಪು ಈ ಸೀಮೆಯಲ್ಲಿ ಇನ್ನೂ ಆರಿಲ್ಲ. ಕನ್ನಡ, ಕೊಂಕಣಿ, ನವಾಯತಿಗಳು ಒಂದೇ ಪೇಟೆಯಲ್ಲಿ ಕೇಳಿಬರುವ ಇಂಥ ಊರಿನಲ್ಲಿ, ಪ್ರತಿಯೊಬ್ಬನೂ ತನ್ನ ಕೇರಿಯವರಿಗೆ ಮಾತ್ರ ಮಾತನಾಡತೊಡಗಿದರೆ, ಕೇರಿಕೇರಿಗಳ ನಡುವಿನ ಬಯಲನ್ನು ಗಾಳಿಮಾತು ತುಂಬುತ್ತದೆ. ಎದುರಿನವನಿಂದಲೇ ಕೇಳಿದ ಮಾತನ್ನು ಒಪ್ಪದಿರಬಹುದು. ಆದರೆ ಅವನು ಆಡದ ಮಾತನ್ನು ಅವನ ತಲೆಗೆ ಕಟ್ಟುವುದು ಆಗ ಕಷ್ಟವಾಗುತ್ತದೆ.

ತಾಳಮದ್ದಳೆಯಲ್ಲಿ ಇಂದು ಕೃಷ್ಣನ ಅರ್ಥ ಹೇಳಿದವನು ನಾಳೆ ಕೌರವನ ಅರ್ಥ ಹೇಳಬೇಕಾಗುತ್ತದೆ. ಆದಕಾರಣ ಎದುರುಪಕ್ಷದ ನ್ಯಾಯವನ್ನು ಅದರ ಪೂರ್ಣ ಬಲದಲ್ಲಿ ಅರಿಯದೆ ಯಾರೂ ಒಳ್ಳೆಯ ಅರ್ಥಧಾರಿಯಾಗಲಾರರು. ನಮ್ಮ ಅಭ್ಯರ್ಥಿಗಳು ಪಕ್ಷವನ್ನು ಬದಲಿಸಬೇಕಾಗಿಲ್ಲ. ಎದುರಿನ ಆಸನದಲ್ಲಿ ಕುಳಿತವನ ಪ್ರಶ್ನೆಯನ್ನು ಕೊನೆಯವರೆಗೆ ಕೇಳಿ ಉತ್ತರಿಸಿದರೆ ಸಾಕು. ಉಳಿದುದನ್ನು ಕೇಳುಗರು ನಿರ್ಣಯಿಸಬಲ್ಲರು.