ವಿದ್ಯಾರ್ಥಿ ತಂತ್ರಾಂಶ ಯೋಜನೆಯ ಆರಂಭಿಕ ಪುನರವಲೋಕನ

ವಿದ್ಯಾರ್ಥಿ ತಂಡವೊಂದು ತಂತ್ರಾಂಶ ಯೋಜನೆಯನ್ನು ಕೈಗೆತ್ತಿಕೊಂಡ ಮೊದಲ ಕೆಲವು ವಾರಗಳ ನಂತರ, ಅಲ್ಲಿಯವರೆಗೆ ನಡೆದ ಕೆಲಸವನ್ನೂ ಅದು ನಡೆದ ರೀತಿಯನ್ನೂ ಸದಸ್ಯರು ಒಟ್ಟಾಗಿ ಪರಿಶೀಲಿಸುವುದೇ ಆರಂಭಿಕ ಪುನರವಲೋಕನ. ತಂತ್ರಾಂಶ ಕ್ಷೇತ್ರದಲ್ಲಿ ಇದಕ್ಕೆ ರೆಟ್ರೊಸ್ಪೆಕ್ಟಿವ್ ಎಂಬ ಹೆಸರಿದೆ. ಇದು ಪರೀಕ್ಷೆಯಲ್ಲ, ಪ್ರಗತಿಯ ವರದಿಯೂ ಅಲ್ಲ. ಏನಾಯಿತು, ಏಕೆ ಹಾಗಾಯಿತು, ಮುಂದಿನ ವಾರ ಯಾವುದನ್ನು ಬದಲಿಸಬೇಕು ಎಂಬ ಮೂರು ಪ್ರಶ್ನೆಗಳಿಗೆ ತಂಡವು ತನಗೆ ತಾನೇ ಉತ್ತರ ಕಂಡುಕೊಳ್ಳುವ ಕ್ರಮ. ಕರ್ನಾಟಕದಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಬಿ.ಇ. ಪಠ್ಯಕ್ರಮವೂ ಸೇರಿದಂತೆ ಹಲವು ಪದವಿಗಳಲ್ಲಿ ಯೋಜನಾ ಕಾರ್ಯವು ಅಧ್ಯಯನದ ಭಾಗವಾಗಿರುವುದರಿಂದ ಈ ಕ್ರಮವು ವಿದ್ಯಾರ್ಥಿಗಳಿಗೆ ನೇರವಾಗಿ ಉಪಯುಕ್ತವಾಗಿದೆ.

ಹಿನ್ನೆಲೆ

ಅನುಭವದ ಮೇಲೆ ಚಿಂತನೆ ನಡೆಸಿ ಕಲಿಯುವ ವಿಧಾನವನ್ನು ಡೊನಾಲ್ಡ್ ಶೋನ್ 1983ರಲ್ಲಿ ಪ್ರಕಟವಾದ ‘ದಿ ರಿಫ್ಲೆಕ್ಟಿವ್ ಪ್ರಾಕ್ಟಿಷನರ್’ ಗ್ರಂಥದಲ್ಲಿ ವಿವರಿಸಿದರು. ಮರುವರ್ಷ ಡೇವಿಡ್ ಕೋಲ್ಬ್ ಅನುಭವಾಧಾರಿತ ಕಲಿಕೆಯ ಚಕ್ರವನ್ನು ಮಂಡಿಸಿದರು. ತಂತ್ರಾಂಶ ಯೋಜನೆಗಳ ಪುನರವಲೋಕನಕ್ಕೆ ವ್ಯವಸ್ಥಿತ ರೂಪ ನೀಡಿದವರಲ್ಲಿ ನಾರ್ಮನ್ ಕರ್ತ್ ಪ್ರಮುಖರು. ಈ ವಿಷಯವನ್ನು ಕುರಿತ ಅವರ ಕೈಪಿಡಿ 2001ರಲ್ಲಿ ಹೊರಬಂದಿತು. ಅದೇ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ತಜ್ಞರು ಸೇರಿ ಅಜೈಲ್ ಪ್ರಣಾಳಿಕೆಯನ್ನು ರೂಪಿಸಿದರು. ಅದರೊಂದಿಗಿರುವ 12 ತತ್ತ್ವಗಳಲ್ಲಿ ಕೊನೆಯದು, ತಂಡವು ನಿಯತವಾಗಿ ತನ್ನ ನಡೆಯನ್ನು ಪರಿಶೀಲಿಸಿ ತಿದ್ದಿಕೊಳ್ಳಬೇಕೆಂಬುದಕ್ಕೆ ಸಂಬಂಧಿಸಿದೆ. ಸ್ಕ್ರಮ್ ಪದ್ಧತಿಯಲ್ಲಿ ಪ್ರತಿ ಸ್ಪ್ರಿಂಟ್ ಪುನರವಲೋಕನದೊಂದಿಗೇ ಮುಕ್ತಾಯಗೊಳ್ಳುತ್ತದೆ. ಒಂದು ತಿಂಗಳ ಸ್ಪ್ರಿಂಟಿಗೆ ಗರಿಷ್ಠ ಮೂರು ಗಂಟೆಗಳ ಅವಧಿಯನ್ನು ನಿಗದಿಪಡಿಸಲಾಗಿದೆ.

ಆರಂಭದಲ್ಲಿಯೇ ಏಕೆ?

ಯೋಜನೆ ಮುಗಿದ ಮೇಲೆ ನಡೆಸುವ ವಿಮರ್ಶೆಯಿಂದ ಮುಂದಿನ ಯೋಜನೆಗೆ ಪ್ರಯೋಜನವಾದೀತು. ಆದರೆ ವಿದ್ಯಾರ್ಥಿ ತಂಡವು ಸೆಮಿಸ್ಟರಿನ ಕೊನೆಗೆ ಚದುರಿಹೋಗುತ್ತದೆ. ಆದ್ದರಿಂದ ತಿದ್ದುಪಡಿಗೆ ಕಾಲಾವಕಾಶ ಉಳಿದಿರುವಾಗಲೇ ಪರಿಶೀಲನೆ ನಡೆಯಬೇಕು.

ತನ್ನ ಕೆಲಸ ಇಷ್ಟು ದಿನದಲ್ಲಿ ಮುಗಿಯುವುದೆಂಬ ಮನುಷ್ಯನ ಅಂದಾಜು ಸಾಮಾನ್ಯವಾಗಿ ಆಶಾವಾದಿಯಾಗಿರುತ್ತದೆ. ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿ ಇದನ್ನು ಯೋಜನಾ ಭ್ರಮೆ ಎಂಬ ಅರ್ಥದ ಹೆಸರಿನಿಂದ ಗುರುತಿಸಿದರು. 1994ರಲ್ಲಿ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಪ್ರಕಟಿಸಿದ ಅಧ್ಯಯನದಲ್ಲಿ, ಮನಶ್ಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ಪ್ರೌಢಪ್ರಬಂಧ ಸರಾಸರಿ 34 ದಿನಗಳಲ್ಲಿ ಮುಗಿಯುವುದೆಂದು ಅಂದಾಜಿಸಿದ್ದರು. ವಾಸ್ತವವಾಗಿ ಸುಮಾರು 55 ದಿನಗಳು ಬೇಕಾದವು. ಮೊದಲ ಮೂರು ವಾರಗಳ ಅಂದಾಜನ್ನು ವಾಸ್ತವದೊಂದಿಗೆ ಹೋಲಿಸಿ ನೋಡಿದರೆ ಉಳಿದ ವಾರಗಳ ವೇಳಾಪಟ್ಟಿಯನ್ನು ಇನ್ನಷ್ಟು ನಿಖರವಾಗಿ ಸಿದ್ಧಪಡಿಸಬಹುದು.

ಪ್ರಗತಿಯ ಅಳತೆ

ಆರಂಭದ ಹಂತದಲ್ಲಿ ಪ್ರಗತಿಯು ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಪ್ರವೇಶ ಪುಟ, ಬಣ್ಣ, ಮೆನುಗಳು ಬೇಗ ಸಿದ್ಧವಾಗುತ್ತವೆ. ದತ್ತಸಂಚಯದ ವಿನ್ಯಾಸ, ದೋಷನಿರ್ವಹಣೆ ಮತ್ತು ಭಾಗಗಳ ಜೋಡಣೆ ಕಣ್ಣಿಗೆ ಬೀಳದೆ ಉಳಿಯುತ್ತವೆ. ‘ಶೇ. 90 ಮುಗಿದಿದೆ’ ಎಂಬ ಮಾತಿಗೆ ಇದೇ ಕಾರಣ. ಫ್ರೆಡ್ ಬ್ರೂಕ್ಸ್ ತಮ್ಮ ‘ದಿ ಮಿಥಿಕಲ್ ಮ್ಯಾನ್-ಮಂತ್’ (1975) ಗ್ರಂಥದಲ್ಲಿ, ಒಟ್ಟು ಸಮಯದಲ್ಲಿ ಕ್ರಮವಿಧಿ ಬರೆಯುವುದಕ್ಕೆ ಆರನೆಯ ಒಂದು ಭಾಗವನ್ನು ಮಾತ್ರ ನೀಡಿ, ಅರ್ಧದಷ್ಟನ್ನು ಪರೀಕ್ಷೆಗಳಿಗೆ ಮೀಸಲಿಟ್ಟಿದ್ದಾರೆ. ಉಳಿದ ಮೂರನೆಯ ಒಂದು ಭಾಗ ಯೋಜನಾ ಸಿದ್ಧತೆಗೆ ಸೇರಿದ್ದು.

ಆದ್ದರಿಂದ ಬರೆದ ಸಾಲುಗಳನ್ನು ಎಣಿಸುವುದಕ್ಕಿಂತ, ಆರಂಭದಿಂದ ಅಂತ್ಯದವರೆಗೆ ನಡೆಯುವ ಕಾರ್ಯಗಳನ್ನು ಎಣಿಸುವುದು ಲೇಸು. ಉದಾಹರಣೆಗೆ, ಗ್ರಂಥಾಲಯ ನಿರ್ವಹಣಾ ತಂತ್ರಾಂಶವನ್ನು ತಯಾರಿಸುವ ನಾಲ್ವರ ತಂಡವೊಂದನ್ನು ಭಾವಿಸೋಣ. ಐದು ಸುಂದರ ಪುಟಗಳು ಸಿದ್ಧವಾಗಿದ್ದರೂ ಒಂದು ಪುಸ್ತಕವನ್ನು ಎರವಲು ನೀಡಿ, ಹಿಂಪಡೆದು, ಆ ವಿವರವನ್ನು ದತ್ತಸಂಚಯದಲ್ಲಿ ಉಳಿಸಲು ಆಗದಿದ್ದರೆ ಮುಗಿದ ಕಾರ್ಯಗಳ ಸಂಖ್ಯೆ ಸೊನ್ನೆಯೇ. ಇದನ್ನು ಮೂರನೆಯ ವಾರದಲ್ಲಿ ಅರಿತರೆ ಪರಿಹಾರವಿದೆ. ಪ್ರಾತ್ಯಕ್ಷಿಕೆಯ ಹಿಂದಿನ ರಾತ್ರಿ ಅರಿತರೆ ಇಲ್ಲ.

ತಂಡದ ಸ್ಥಿತಿ

ಬ್ರೂಸ್ ಟಕ್ಮನ್ 1965ರಲ್ಲಿ ಗುಂಪುಗಳ ಬೆಳವಣಿಗೆಯನ್ನು ಕೂಡುವಿಕೆ, ಘರ್ಷಣೆ, ಹೊಂದಾಣಿಕೆ ಮತ್ತು ಕಾರ್ಯಸಾಧನೆ ಎಂಬ ನಾಲ್ಕು ಹಂತಗಳಾಗಿ ವಿಂಗಡಿಸಿದರು. ಮೊದಲ ವಾರಗಳ ಭಿನ್ನಾಭಿಪ್ರಾಯವು ತಂಡ ಮುರಿಯುತ್ತಿರುವ ಲಕ್ಷಣವೇ ಆಗಬೇಕಿಲ್ಲವೆಂಬುದು ಇದರಿಂದ ತಿಳಿಯುತ್ತದೆ. ಸಂಪರ್ಕದ ಹೊರೆಯನ್ನೂ ಗಮನಿಸಬೇಕು. ನಾಲ್ವರ ತಂಡದಲ್ಲಿ ಇಬ್ಬರಿಬ್ಬರ ನಡುವಿನ ಸಂಪರ್ಕಗಳು 6. ಎಂಟು ಮಂದಿಯಾದರೆ 28.

ಗುಂಪಿನಲ್ಲಿ ವೈಯಕ್ತಿಕ ಶ್ರಮ ಕುಗ್ಗುವ ಪ್ರವೃತ್ತಿಯನ್ನು ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್ಮನ್ ಹಗ್ಗ ಎಳೆಯುವ ಪ್ರಯೋಗಗಳಲ್ಲಿ ಗುರುತಿಸಿ, 1913ರಲ್ಲಿ ಪ್ರಕಟಿಸಿದರು. ಆದರೂ ಕಡಿಮೆ ಕೆಲಸ ಮಾಡಿದವರೆಲ್ಲ ಸೋಮಾರಿಗಳೆಂದು ತೀರ್ಮಾನಿಸುವುದು ಸರಿಯಲ್ಲ. ಸ್ವಂತ ಗಣಕವಿಲ್ಲದ, ಗಿಟ್ ಬಳಕೆ ಗೊತ್ತಿಲ್ಲದ, ಅಥವಾ ಇಂಗ್ಲಿಷಿನಲ್ಲಿ ನಡೆಯುವ ಚರ್ಚೆಯಲ್ಲಿ ಬಾಯಿಬಿಡಲು ಅಂಜುವ ವಿದ್ಯಾರ್ಥಿಯೂ ಮೌನವಾಗಿಯೇ ಇರುತ್ತಾನೆ. ಮೌನದ ಕಾರಣವನ್ನು ಬೇಗ ಅರಿಯುವುದು ಪುನರವಲೋಕನದ ಮುಖ್ಯ ಪ್ರಯೋಜನಗಳಲ್ಲಿ ಒಂದು. ಆಗ ಆ ವಿದ್ಯಾರ್ಥಿಗೂ ಕಲಿಕೆಯ ಅವಕಾಶ ಉಳಿಯುತ್ತದೆ.

ನಡೆಸುವ ಕ್ರಮ

ಎಸ್ತರ್ ಡರ್ಬಿ ಮತ್ತು ಡಯಾನಾ ಲಾರ್ಸನ್ 2006ರ ತಮ್ಮ ಗ್ರಂಥದಲ್ಲಿ ಐದು ಹಂತಗಳನ್ನು ಸೂಚಿಸಿದ್ದಾರೆ. ವಿದ್ಯಾರ್ಥಿ ತಂಡಕ್ಕೆ ಅವನ್ನು ಹೀಗೆ ಅಳವಡಿಸಿಕೊಳ್ಳಬಹುದು:

* ಪೀಠಿಕೆ: ಸಭೆಯ ಉದ್ದೇಶವನ್ನು ತಿಳಿಸಿ, ಪ್ರತಿಯೊಬ್ಬರೂ ಒಂದು ಮಾತನ್ನಾದರೂ ಆಡುವಂತೆ ಮಾಡುವುದು.
* ಮಾಹಿತಿ ಸಂಗ್ರಹ: ಗಿಟ್ ದಾಖಲೆ, ಕೆಲಸಗಳ ಪಟ್ಟಿ ಮತ್ತು ದಿನಾಂಕಗಳನ್ನು ಎಲ್ಲರ ಮುಂದಿಡುವುದು. ಅಭಿಪ್ರಾಯಗಳಿಗಿಂತ ಮೊದಲು ಸಂಗತಿಗಳು ಬರಬೇಕು.
* ಕಾರಣಗಳ ಶೋಧ: ಯಾರು ಎಂದು ಕೇಳದೆ ಏಕೆ ಎಂದು ಕೇಳುವುದು.
* ನಿರ್ಧಾರ: ಒಂದೆರಡು ಬದಲಾವಣೆಗಳನ್ನಷ್ಟೇ ಆರಿಸಿ, ಹೊಣೆಗಾರರನ್ನೂ ದಿನಾಂಕವನ್ನೂ ಗೊತ್ತುಪಡಿಸುವುದು.
* ಮುಕ್ತಾಯ: ನಿರ್ಧಾರಗಳನ್ನು ಬರೆದಿಟ್ಟು, ನೆರವಾದವರನ್ನು ಸ್ಮರಿಸುವುದು.

ಅಂದಿನ ತಿಳಿವಳಿಕೆ, ಕೌಶಲ ಮತ್ತು ಸೌಕರ್ಯಗಳ ಮಿತಿಯಲ್ಲಿ ಪ್ರತಿಯೊಬ್ಬರೂ ಸಾಧ್ಯವಾದಷ್ಟು ಚೆನ್ನಾಗಿ ದುಡಿದಿದ್ದಾರೆಂದು ನಂಬಿಯೇ ಚರ್ಚೆಯನ್ನು ಆರಂಭಿಸಬೇಕೆಂಬುದು ಕರ್ತ್ ಅವರ ಸೂತ್ರದ ಸಾರಾಂಶ.

ಮಿತಿಗಳು

ಪುನರವಲೋಕನದಲ್ಲಿ ಆಡಿದ ಮಾತೇ ಅಂಕಗಳಿಗೆ ಆಧಾರವಾದರೆ ವಿದ್ಯಾರ್ಥಿಗಳು ತೊಡಕುಗಳನ್ನು ಮುಚ್ಚಿಡುತ್ತಾರೆ. ಆದ್ದರಿಂದ ಮಾರ್ಗದರ್ಶಕರು ತಂಡದ ಆಂತರಿಕ ಚರ್ಚೆಯನ್ನು ಮೌಲ್ಯಮಾಪನದಿಂದ ಬೇರೆಯಾಗಿರಿಸುವುದು ಉಚಿತ. ಹಿಂದಿನ ಸಭೆಯ ನಿರ್ಧಾರಗಳು ಜಾರಿಗೆ ಬಂದವೇ ಎಂದು ಮುಂದಿನ ಸಭೆಯ ಆರಂಭದಲ್ಲಿ ನೋಡದಿದ್ದರೆ ಈ ಕ್ರಮವು ಕೇವಲ ಔಪಚಾರಿಕ ಆಚರಣೆಯಾಗುತ್ತದೆ. ಯೋಜನೆಯ ವ್ಯಾಪ್ತಿಯೇ ಅತಿಯಾಗಿದ್ದಲ್ಲಿ ಎಷ್ಟೇ ಚರ್ಚಿಸಿದರೂ ಕೆಲಸ ಮುಗಿಯದು. ಅಂಥ ಸಂದರ್ಭದಲ್ಲಿ ಮಾರ್ಗದರ್ಶಕರ ಒಪ್ಪಿಗೆ ಪಡೆದು ವ್ಯಾಪ್ತಿಯನ್ನು ಕಿರಿದಾಗಿಸಬೇಕಾಗುತ್ತದೆ.