ಇಬ್ಬರ ಮೇಲೆ ಮೂವರು

ಲಾಸ್ ಏಂಜಲೀಸ್‌ನ 2028ರ ಒಲಿಂಪಿಕ್ಸ್‌ಗೆ ಕ್ರಿಕೆಟ್ ಸೇರಿತು ಎಂಬ ಸುದ್ದಿ ನಮ್ಮಲ್ಲಿ ಮನೆಮನೆಗೂ ತಲುಪಿತು. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸಭೆ ಸೇರಿದ್ದ ಒಲಿಂಪಿಕ್ ಸಮಿತಿ ಅದೇ ದಿನ ಒಪ್ಪಿಗೆ ಕೊಟ್ಟ ಆಟಗಳಲ್ಲಿ ಲ್ಯಾಕ್ರಾಸ್ ಕೂಡ ಒಂದು. ತುದಿಗೆ ಬಲೆ ಕಟ್ಟಿದ ಕೋಲಿನಲ್ಲಿ ಗಟ್ಟಿ ರಬ್ಬರ್ ಚೆಂಡನ್ನು ಹಿಡಿದು, ಬೀಳದಂತೆ ತೂಗುತ್ತ ಓಡಿ, ಆರಡಿ ಅಗಲ, ಆರಡಿ ಎತ್ತರದ ಗೋಲಿಗೆ ಎಸೆಯುವ ಆಟ ಅದು. ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಕೊನೆಯ ಬಾರಿ ಪದಕ ಕೊಟ್ಟದ್ದು 1908ರಲ್ಲಿ.

ಪಂದ್ಯ ನೋಡಲು ಕೂತವರಿಗೆ ಮೊದಮೊದಲು ಕಾಣುವುದು ಕೋಲುಗಳ ಗದ್ದಲ ಮಾತ್ರ. ಈ ಆಟದ ಒಳಗುಟ್ಟು ಬಿಚ್ಚಿಕೊಳ್ಳುವುದು ತಾಲೀಮಿನಲ್ಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದೂ ಅಂಥ ಒಂದು ತಾಲೀಮೇ. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದ ಪಶ್ಚಿಮಕ್ಕೆ ಕಮಿಲಸ್ ಎಂಬ ಊರಿದೆ. ಅಲ್ಲಿನ ವೆಸ್ಟ್ ಜೆನೆಸೀ ಹೈಸ್ಕೂಲಿನಲ್ಲಿ ಮೈಕ್ ಮೆಸ್ಸೀರ್ ಎಂಬ ಕೋಚ್ ನಾಲ್ಕು ದಶಕಗಳ ಕಾಲ ಹುಡುಗರನ್ನು ತಯಾರು ಮಾಡಿದರು. 800ಕ್ಕೂ ಹೆಚ್ಚು ಪಂದ್ಯ ಗೆದ್ದರು, 15 ಸಲ ರಾಜ್ಯ ಚಾಂಪಿಯನ್‌ಶಿಪ್ ತಂದರು. ಆ ಶಾಲೆಯ ಹೆಸರನ್ನೇ ಹೊತ್ತ 'ವೆಸ್ಟ್ ಜೆನ್ನಿ' ಎಂಬ ಡ್ರಿಲ್ ಈಗ ಲ್ಯಾಕ್ರಾಸ್ ಆಡುವ ಊರುಗಳಲ್ಲೆಲ್ಲ ಇದೆ.

ಅದಕ್ಕೆ ಇಡೀ ಅಂಗಳ ಬೇಕಿಲ್ಲ. ಎರಡು ಗೋಲುಗಳನ್ನು ಹತ್ತಿರಕ್ಕೆ ತಂದು ಎದುರುಬದುರು ಇಟ್ಟರೆ ಸಾಕು. ಮೂವರು ಚೆಂಡು ಹಿಡಿದು ನುಗ್ಗುತ್ತಾರೆ, ತಡೆಯುವವರು ಇಬ್ಬರೇ. ಗೋಲಾದರೂ, ಚೆಂಡು ಗೋಲ್‌ಕೀಪರ್ ಬಲೆಗೆ ಬಿದ್ದರೂ, ಎಸೆತ ಗುರಿ ತಪ್ಪಿದರೂ ಆಟ ನಿಲ್ಲುವುದಿಲ್ಲ. ತಡೆಯುತ್ತಿದ್ದ ಇಬ್ಬರ ಜೊತೆ ಅಂಚಿನಲ್ಲಿ ಕಾಯುತ್ತಿದ್ದ ಒಬ್ಬ ಸೇರಿಕೊಳ್ಳುತ್ತಾನೆ. ಈಗ ಅವರು ಮೂವರು. ಇನ್ನೊಂದು ಗೋಲಿನತ್ತ ಓಟ. ಅಲ್ಲಿಯೂ ಎದುರು ನಿಂತವರು ಇಬ್ಬರೇ. ಒಬ್ಬೊಬ್ಬ ಕೋಚ್ ಇದನ್ನು ಒಂದೊಂದು ಥರ ಆಡಿಸುತ್ತಾರೆ, ಮೂವರ ಮೇಲೆ ನಾಲ್ವರನ್ನು ಬಿಡುವುದೂ ಉಂಟು. ಆದರೆ ತಡೆಯುವ ಕಡೆ ಒಬ್ಬ ಕಡಿಮೆ ಇರಬೇಕು, ಓಟ ನಿಲ್ಲಬಾರದು. ಈ ಎರಡನ್ನು ಯಾರೂ ಬಿಡುವುದಿಲ್ಲ.

ನುಗ್ಗುವ ಮೂವರಿಗೆ ಕೆಲಸ ಸುಲಭ ಎನಿಸಬಹುದು. ಒಬ್ಬನಂತೂ ಯಾವಾಗಲೂ ಖಾಲಿ ಇರುತ್ತಾನಲ್ಲ! ಅವನನ್ನು ನಿಜವಾಗಿ ಖಾಲಿ ಮಾಡಿಕೊಡುವುದೇ ಕಲಿಯಬೇಕಾದ ವಿದ್ಯೆ. ಚೆಂಡು ಹಿಡಿದವನು ಅವಸರಪಟ್ಟು ಪಾಸ್ ಕೊಟ್ಟರೆ ಡಿಫೆಂಡರ್ ಇದ್ದಲ್ಲೇ ಇರುತ್ತಾನೆ, ಹೆಚ್ಚಿನ ಆಳು ದಂಡ. ಅವನು ನೇರ ಡಿಫೆಂಡರ್ ಮೇಲೆಯೇ ಓಡಬೇಕು. ತನ್ನನ್ನು ತಡೆಯಲು ಡಿಫೆಂಡರ್ ಪೂರ್ತಿ ಹೊರಳಿದ ಮೇಲೆ, ಕೋಲು ತನ್ನ ಮೈಗೆ ತಾಕುವ ಮೊದಲು, ಚೆಂಡು ದಾಟಿಸಬೇಕು. ಹದಿನೈದು ವರ್ಷದ ಹುಡುಗನಿಗೆ ಇದು ಕಾಲಿನ ವೇಗಕ್ಕಿಂತ ಎದೆಗಾರಿಕೆಯ ಪರೀಕ್ಷೆ. ಚೆಂಡು ಸಿಕ್ಕವನೂ ಕೂಡಲೇ ಗೋಲಿಗೆ ಎಸೆಯಬೇಕೆಂದಿಲ್ಲ. ಇನ್ನೂ ಒಳ್ಳೆಯ ಜಾಗದಲ್ಲಿ ಮೂರನೆಯವನಿದ್ದರೆ ಅವನಿಗೆ ಕೊಡು ಎಂದು ಅಂಚಿನಿಂದ 'ಒನ್ ಮೋರ್' ಎಂಬ ಕೂಗು ಬರುತ್ತಲೇ ಇರುತ್ತದೆ.

ನನ್ನ ಮನಸ್ಸು ಹೆಚ್ಚು ನಿಂತದ್ದು ಆ ಇಬ್ಬರ ಮೇಲೆ. ಇಬ್ಬರು ಮೂವರನ್ನು ಕಾಯಲಾರರು. ಅದನ್ನು ಒಪ್ಪಿಕೊಂಡೇ ಅವರು ನಿಲ್ಲುತ್ತಾರೆ. ಒಬ್ಬ ಚೆಂಡಿನ ಎದುರು ಹೋಗುತ್ತಾನೆ. ಇನ್ನೊಬ್ಬ ಉಳಿದಿಬ್ಬರ ನಡುವೆ, ಪಾಸ್ ಹೋಗುವ ದಾರಿಗೆ ಕೋಲು ಚಾಚಿ ನಿಲ್ಲುತ್ತಾನೆ. ಚೆಂಡು ಗಾಳಿಯಲ್ಲಿರುವಾಗಲೇ ಇವನು ಅದರತ್ತ ಧಾವಿಸಬೇಕು, ಮೊದಲನೆಯವನು ಹಿಂದಕ್ಕೆ ಓಡಿ ಗೋಲಿನ ಮುಂದಿನ ಜಾಗ ಮುಚ್ಚಬೇಕು. ದೂರದ ಎಸೆತವನ್ನು ಗೋಲ್‌ಕೀಪರ್‌ಗೆ ಬಿಟ್ಟು ಹತ್ತಿರದ ಎಸೆತವನ್ನು ಕಾಯುತ್ತಾರೆ. ಅವರು ಗಳಿಸಲು ನೋಡುವುದು ಎರಡು ಮೂರು ಸೆಕೆಂಡು. ನಿಜವಾದ ಪಂದ್ಯದಲ್ಲಿ ಅಷ್ಟರೊಳಗೆ ಹಿಂದಿನಿಂದ ತಮ್ಮವನೊಬ್ಬ ಓಡಿಬಂದಿರುತ್ತಾನೆ.

ಪೂರ್ತಿ ತಂಡ ನಿಂತಾಗಲೂ ಇದೇ ಲೆಕ್ಕ ಹಿಗ್ಗುತ್ತದೆ. ಚೆಂಡು ಹಿಡಿದವನು ತನ್ನ ಡಿಫೆಂಡರ್‌ನನ್ನು ದಾಟಿದ ಕೂಡಲೇ ಇನ್ನೊಬ್ಬ ತಾನು ಕಾಯುತ್ತಿದ್ದವನನ್ನು ಬಿಟ್ಟು ನೆರವಿಗೆ ಬರುತ್ತಾನೆ. ಇದಕ್ಕೆ 'ಸ್ಲೈಡ್' ಎನ್ನುತ್ತಾರೆ. ಅವನು ಬಿಟ್ಟು ಬಂದವನನ್ನು ಮೂರನೆಯವನು ಕಾಯಬೇಕು. ಕಬಡ್ಡಿಯಲ್ಲಿ ಮೂಲೆಯವನು ರೈಡರ್‌ನ ಕಾಲಿಗೆ ಬಿದ್ದಾಗ ಪಕ್ಕದವರು ಅದೇ ಕ್ಷಣಕ್ಕೆ ಮುಗಿಬೀಳದಿದ್ದರೆ ಕೆಲಸ ಕೆಟ್ಟ ಹಾಗೆ, ಇಲ್ಲೂ ಒಬ್ಬ ತಡಮಾಡಿದರೆ ಎಲ್ಲ ಸಡಿಲ. ಅದಕ್ಕೇ ಡಿಫೆಂಡರ್‌ಗಳು ಬಾಯಿ ಮುಚ್ಚುವಂತಿಲ್ಲ. ಚೆಂಡಿನ ಎದುರಿರುವವನು 'ಬಾಲ್' ಎನ್ನುತ್ತಾನೆ, ನೆರವಿಗೆ ಹೋಗಬೇಕಾದವನು 'ಹಾಟ್', ಅವನ ಬೆನ್ನಿಗಿರುವವನು 'ಟೂ'. ಕೆಲವು ಕೋಚ್‌ಗಳು ಡಿಫೆಂಡರ್‌ಗಳ ಕೋಲನ್ನು ತಲೆಕೆಳಗಾಗಿ ಹಿಡಿಸಿ ಆಡಿಸುತ್ತಾರೆ. ಬಲೆ ಕೆಳಗೆ, ಬರಿಯ ಹಿಡಿ ಮೇಲೆ. ಕೋಲಿನಿಂದ ಚೆಂಡು ಕಸಿಯುವ ಆಸೆ ಬಿಟ್ಟಾಗಲೇ ಕಾಲು ಸರಿಯಾದ ಜಾಗಕ್ಕೆ ಹೋಗುತ್ತದೆ.

ನೆಲದ ಚೆಂಡನ್ನು ಓಡುತ್ತಲೇ ಬಾಚಿಕೊಳ್ಳುವುದು, ಗೋಡೆಗೆ ಎಸೆದು ಎಡಗೈ ಬಲಗೈಗಳಲ್ಲಿ ಹಿಡಿಯುವುದು ಇದ್ದೇ ಇವೆ. ಅವು ದಿನದ ಪಾಠ, ಒಂಟಿಯಾಗಿಯೂ ಮಾಡಬಹುದು.

ತಡೆಯುವವರಿಗೆಲ್ಲ ಬೆನ್ನ ಹಿಂದಿನ ಕಣ್ಣು ಗೋಲ್‌ಕೀಪರ್. ಗೋಲಿನ ಹಿಂದೆಯೂ ಆಡುವ ಆಟವಾದ್ದರಿಂದ ಚೆಂಡು ಎಲ್ಲಿದೆ ಎಂದು ಸದಾ ಕೂಗಿ ಹೇಳುವವನು ಅವನೇ. 1957ರಲ್ಲಿ ಒಂದೂ ಪಂದ್ಯ ಸೋಲದ ಸಿರಕ್ಯೂಸ್ ವಿಶ್ವವಿದ್ಯಾಲಯದ ತಂಡದಲ್ಲಿ ಆ ಜಾಗದಲ್ಲಿದ್ದವರು ಆನನ್‌ಡಾಗ ಜನರ ಓರೆನ್ ಲಯನ್ಸ್. ಮುಂದೆ ತಮ್ಮ ಜನರ ಸಂಪ್ರದಾಯ ಕಾಯುವ ಹಿರಿಯರಾದರು. ವೆಸ್ಟ್ ಜೆನೆಸೀ ಶಾಲೆಯಿಂದ ಆನನ್‌ಡಾಗ ನೆಲ ದೂರವೇನಿಲ್ಲ. ಸಿರಕ್ಯೂಸ್‌ನ ದಕ್ಷಿಣಕ್ಕೆ ಇದೆ. ಈ ಆಟ ಹುಟ್ಟಿದ್ದು ಇಂಥ ಮೂಲನಿವಾಸಿಗಳ ನಡುವೆ. ಆನನ್‌ಡಾಗ, ಮೊಹಾಕ್, ಸೆನೆಕ ಮೊದಲಾದ ಆರು ಜನಾಂಗಗಳು ಕೂಡಿದ ಹೌಡೆನೊಶೋನಿ ಒಕ್ಕೂಟಕ್ಕೆ ಅದು ಸೃಷ್ಟಿಕರ್ತನಿಗೆ ಪ್ರಿಯವಾದ ಆಟ. ಊರಲ್ಲಿ ಯಾರಿಗಾದರೂ ಕಾಯಿಲೆಯಾದರೆ ವಾಸಿಯಾಗಲೆಂದು ಆಡುತ್ತಾರೆ. ಕೋಲು ಹಿಕರಿ ಮರದ್ದು, ಆವಿಯಲ್ಲಿ ಬೇಯಿಸಿ ಬಾಗಿಸಿದ್ದು. 1630ರ ದಶಕದಲ್ಲಿ ಫ್ರೆಂಚ್ ಪಾದ್ರಿಯೊಬ್ಬರು ಈ ಆಟದ ವಿಷಯ ಬರೆದಿಟ್ಟರು. 1867ರಲ್ಲಿ ಮಾಂಟ್ರಿಯಲ್‌ನ ದಂತವೈದ್ಯ ವಿಲಿಯಂ ಜಾರ್ಜ್ ಬಿಯರ್ಸ್ ನಿಯಮ ಕಟ್ಟಿದರು. 1880ರ ಹೊತ್ತಿಗೆ ಕೆನಡಾದ ಹವ್ಯಾಸಿ ಚಾಂಪಿಯನ್‌ಶಿಪ್‌ಗಳಿಂದ ಮೂಲನಿವಾಸಿಗಳನ್ನೇ ಹೊರಗಿಟ್ಟರು.

1983ರಲ್ಲಿ ಲಯನ್ಸ್ ಮತ್ತು ಸಂಗಡಿಗರು ತಮ್ಮದೇ ರಾಷ್ಟ್ರೀಯ ತಂಡ ಕಟ್ಟಿದರು. 1990ರ ಪರ್ತ್ ವಿಶ್ವಕಪ್‌ಗೆ ಅದು ತನ್ನದೇ ಬಾವುಟದಡಿ ಹೋಯಿತು. 2010ರಲ್ಲಿ ಹೌಡೆನೊಶೋನಿ ಪಾಸ್‌ಪೋರ್ಟ್ ಹಿಡಿದು ಮ್ಯಾಂಚೆಸ್ಟರ್‌ಗೆ ಹೊರಟಾಗ ಬ್ರಿಟನ್ ಒಳಗೆ ಬಿಡಲಿಲ್ಲ. ಬೇರೆ ದೇಶದ ಪಾಸ್‌ಪೋರ್ಟ್ ಹಿಡಿಯಲು ಅವರು ಒಪ್ಪಲಿಲ್ಲ, ಪಂದ್ಯ ಬಿಟ್ಟುಕೊಟ್ಟರು. 2014, 2018, 2023ರ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ ಮೂರೂ ಸಲ ಕಂಚು ಗೆದ್ದರು.

2028ರಲ್ಲಿ ಆಡುವುದು ಕಡೆಗೆ ಆರಾರು ಜನರ ಚುರುಕಿನ ರೂಪ. ಅಂಗಳ 70 ಮೀಟರ್ ಉದ್ದ, 36 ಮೀಟರ್ ಅಗಲ. ಚೆಂಡು ಸಿಕ್ಕ 30 ಸೆಕೆಂಡಿನೊಳಗೆ ಗೋಲಿಗೆ ಎಸೆಯಬೇಕು. ತಡೆಯುತ್ತಿದ್ದವನೇ ಮರುಕ್ಷಣ ನುಗ್ಗುವವನು. ಅಂದರೆ ಕಮಿಲಸ್‌ನ ಹುಡುಗರು ದಶಕಗಳಿಂದ ಓಡುತ್ತಿರುವ ಓಟವೇ ಅಲ್ಲಿ ಇಡೀ ಪಂದ್ಯ. ಹೌಡೆನೊಶೋನಿ ತಂಡವೂ ತನ್ನ ಹೆಸರಿನಲ್ಲೇ ಆಡಲಿ ಎಂದು ಅಧ್ಯಕ್ಷ ಬೈಡನ್ 2023ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿ ಬೆಂಬಲಿಸಿದ್ದರು. ರಾಷ್ಟ್ರೀಯ ಒಲಿಂಪಿಕ್ ಸಮಿತಿ ಇರುವ ದೇಶಗಳಿಗೆ ಮಾತ್ರ ಪ್ರವೇಶ, ಬೇಕಾದರೆ ಅಮೆರಿಕ ಅಥವಾ ಕೆನಡಾ ತಂಡದಲ್ಲಿ ಆಡಬಹುದು ಎಂಬುದು ಒಲಿಂಪಿಕ್ ಸಮಿತಿ ಕೊಟ್ಟ ಉತ್ತರ. ಆಟ ಕಲಿಸಿಕೊಟ್ಟ ಜನರಿಗೆ ಅಷ್ಟೊಂದು ದೇಶಗಳ ನಡುವೆ ಒಂದು ಜಾಗ ಮಾಡಿಕೊಡುವುದು ಆಗದ ಕೆಲಸವೇನಲ್ಲ. ಆನನ್‌ಡಾಗದ ಹುಡುಗರಂತೂ ತಾಲೀಮು ಬಿಟ್ಟಿಲ್ಲ.